ಕೆಳಬೀದಿಗೆ ಕೊಡದ ಬಟ್ಟೆ

ನನ್ನ ತಂದೆ ರೇಣುಕಯ್ಯನವರನ್ನು ಮಧುಗಿರಿ ಸೀಮೆಯಲ್ಲಿ ಜನ ‘ನಾರು ಅಯ್ಯನೋರು’ ಎಂದು ಕರೆಯುತ್ತಿದ್ದರು. ಜಂಗಮರ ಮನೆಯಲ್ಲಿ ಹುಟ್ಟಿದವರು, ಭಕ್ತರ ಮನೆಯ ಮಣೆಯ ಮೇಲೆ ಕೂತು ಪಾದಪೂಜೆ ಮಾಡಿಸಿಕೊಳ್ಳಬೇಕಾದವರು. ಅದನ್ನು ಬಿಟ್ಟು ಊರೂರು ಅಲೆದು, ಕಂಡವರ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ನಮ್ಮ ನೆಂಟರಿಗೆ ಇದೊಂದು ದೊಡ್ಡ ತಮಾಷೆ. ಮದುವೆ ಮನೆಗಳಲ್ಲಿ ಅವರನ್ನು ಕಂಡರೆ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ. ನಗುತ್ತಿದ್ದ ನೆಂಟರ ಕಾಲುಗಳನ್ನೂ ನೋಡಿ ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಹೊಗಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಮಗಳು. ಹೊಗಳುವ ಕೆಲಸವನ್ನು ಅವರಿಗೇ ಬಿಟ್ಟು, ನನ್ನ ತಂದೆ ತಮ್ಮ ಕೆಲಸವನ್ನು ಹೇಗೆ ಕಲಿತರು, ಆ ಕಲಿಕೆಯಿಂದ ಯಾರಿಗೆ ಏನಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಈಗಿನ ಮಕ್ಕಳಿಗೆ ನಾರುಹುಣ್ಣು ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಪುಣ್ಯ. ಬೇಸಿಗೆ ಬಂತೆಂದರೆ ನಮ್ಮ ಬಯಲು ಸೀಮೆಯ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜನ ಕುಂಟುತ್ತಿದ್ದರು. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ, ಕೆಂಡ ಇಟ್ಟ ಹಾಗೆ ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿ ದಾರದಂಥ ಹುಳದ ತುದಿ ಹೊರಗೆ ಇಣುಕುತ್ತದೆ. ಒಂದೊಂದು ಹುಳ ಎರಡು ಮೊಳ ಉದ್ದ. ಅದನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿ ದಿನಕ್ಕೆ ಒಂದು ಸುತ್ತಿನಂತೆ ಸುತ್ತಿ ಹೊರಗೆ ತೆಗೆಯಬೇಕು. ಆತುರಪಟ್ಟು ಎಳೆದರೆ ಹುಳ ಒಳಗೇ ಹರಿದುಹೋಗುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಹಾಗೆ ಕಾಲು ಕಳೆದುಕೊಂಡವರೂ, ಧನುರ್ವಾಯು ಬಂದು ಜೀವ ಕಳೆದುಕೊಂಡವರೂ ಇದ್ದರು. ಪಾವಗಡದ ಕಡೆಯವರು ಇದನ್ನು ತೆಲುಗಿನಲ್ಲಿ ನಾರಿಕುರುಪು ಅನ್ನುತ್ತಿದ್ದರು. ಹೆಸರು ಯಾವುದಾದರೇನು, ಕುಂಟುವುದು ಒಂದೇ.

ನನ್ನ ತಂದೆ ಈ ಹುಳದ ಹಿಂದೆ ಬಿದ್ದದ್ದು ಆಕಸ್ಮಿಕ. ಇಪ್ಪತ್ತೊಂದನೆಯ ವಯಸ್ಸಿಗೆ ಸರ್ಕಾರದಲ್ಲಿ ಸಿಡುಬಿನ ದೇವಿ ಹಾಕುವ, ಅಂದರೆ ಲಸಿಕೆ ಚುಚ್ಚುವ ಕೆಲಸಕ್ಕೆ ಸೇರಿದರು. ಅದು ೧೯೦೯. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕು ಕಾಲ್ನಡಿಗೆಯಲ್ಲೇ ಸುತ್ತಬೇಕು. ಮಕ್ಕಳ ತೋಳಿಗೆ ದೇವಿ ಹಾಕಲು ಹೋದಲ್ಲೆಲ್ಲ ತಾಯಂದಿರ ಕಾಲಿನಲ್ಲಿ ನಾರು ಕಂಡಿತು. ಊರಿಗೆ ಎಷ್ಟು ಜನಕ್ಕೆ ಬಂದಿದೆ ಎಂದು ಪಟೇಲರನ್ನು ಕೇಳಿದರೆ, “ನಮ್ಮೂರಾಗೆ ಅಂಥದ್ದೆಲ್ಲ ಇಲ್ಲ ಬುಡಿ” ಎಂಬ ಉತ್ತರ. ಹೇಳುವಾಗ ಪಟೇಲರದೇ ಕಾಲಿಗೆ ಬಟ್ಟೆ ಕಟ್ಟಿರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಆದರೆ ಊರಿನ ಹುಣ್ಣಿಗೆ ಬೇಕು.

ಕೇಳುವುದಕ್ಕೂ ಒಂದು ವಿದ್ಯೆ ಬೇಕು ಎಂಬುದು ಅವರು ಕಲಿತ ಮೊದಲ ಪಾಠ. ನಾರು ಬಂದಿದೆಯೇ ಎಂದು ಕೇಳಿದರೆ ಜನ ಇಲ್ಲವೆನ್ನುತ್ತಾರೆ. ಹೆಣ್ಣು ಕೊಡುವವರು, ತರುವವರು ಇರುವ ಊರು, ಸುದ್ದಿ ಹೊರಬಿದ್ದರೆ ಸಂಬಂಧ ತಪ್ಪೀತು. ಹೋದ ವರ್ಷ ಹೊಲ ಹಸನು ಮಾಡಲು ಹೋಗದೆ ಎಷ್ಟು ದಿನ ಮನೆಯಲ್ಲಿದ್ದೆ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಗಂಡಸನ್ನು ಕೇಳುವುದಕ್ಕಿಂತ ಹೆಂಡತಿಯನ್ನು ಕೇಳುವುದು ವಾಸಿ, ಏಕೆಂದರೆ ಅವನು ಮಲಗಿದ್ದಾಗ ನೇಗಿಲು ಹಿಡಿದವಳು ಅವಳು. ಇವನ್ನೆಲ್ಲ ಕಲಿಯಲು ಹತ್ತು ವರ್ಷ ಹಿಡಿಯಿತು ಎಂದು ನಗುತ್ತ ಹೇಳುತ್ತಿದ್ದರು.

ಹೀಗೆ ಕೇಳುತ್ತ ಕೇಳುತ್ತ ಅವರಿಗೆ ಒಂದು ವಿಚಿತ್ರ ಕಂಡಿತು. ಜಂಗಮರ ಮನೆಗಳಲ್ಲಿ, ಆಚಾರ ಇಟ್ಟುಕೊಂಡ ಲಿಂಗವಂತರ ಮನೆಗಳಲ್ಲಿ ನಾರು ಇರಲಿಲ್ಲ. ಅದೇ ಊರು, ಅದೇ ಮೆಟ್ಟಿಲು ಬಾವಿ, ಅದೇ ನೀರು. ಕೆಲವರು ಇದು ಲಿಂಗದ ಮಹಿಮೆ ಎಂದರು. ನನ್ನ ತಂದೆಗೆ ಲಿಂಗದ ಮೇಲೆ ಭಕ್ತಿ ಕಡಿಮೆ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ನಮ್ಮ ಅಜ್ಜಿ ಬಸವಮ್ಮ ಪೂಜೆಗೂ ಕುಡಿಯಲೂ ಬಳಸುವ ನೀರನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸುವುದನ್ನು ನೋಡುತ್ತ ನಿಂತವರು, ಆ ಬಟ್ಟೆಯನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದರಂತೆ. ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಪುಟಪುಟ ನೆಗೆಯುತ್ತಿದ್ದವು. ಅಜ್ಜಿ ಮಡಿ ಕೆಟ್ಟಿತೆಂದು ದಿನವಿಡೀ ಬೈದರು.

ನೀರಿನ ಆ ಚುಕ್ಕೆಗಳೇ ನಾರಿನ ಮೂಲ ಎಂದು ಜಿಲ್ಲೆಯ ಆರೋಗ್ಯಾಧಿಕಾರಿ ಡಾಕ್ಟರ್ ನಂದೀಶ್ವರಯ್ಯನವರು ವಿವರಿಸಿದರು. ನಾರು ಬಂದವರು ಬಾವಿಗೆ ಇಳಿದು ಕಾಲು ನೆನೆಸಿದಾಗ ಹುಳ ನೀರಿನಲ್ಲಿ ಮರಿ ಹಾಕುತ್ತದೆ. ಆ ಮರಿಯನ್ನು ಚುಕ್ಕೆಯಂಥ ಪ್ರಾಣಿ ನುಂಗುತ್ತದೆ. ಆ ನೀರು ಕುಡಿದವನಿಗೆ ಸರಿಯಾಗಿ ಒಂದು ವರ್ಷದ ಮೇಲೆ ಹುಣ್ಣು. ಪುಸ್ತಕದಲ್ಲಿ ಇದೆಲ್ಲ ಇತ್ತು. ಬಾವಿಗೆ ಇಳಿಯದ ಹಾಗೆ ಕಟ್ಟೆ ಕಟ್ಟಿ, ರಾಟೆ ಹಾಕಿ, ಸೇದುವ ಬಾವಿ ಮಾಡಿಬಿಟ್ಟರೆ ಕಾಯಿಲೆಯೇ ಇಲ್ಲ. ಆದರೆ ನಾಲ್ಕು ತಾಲ್ಲೂಕಿನ ಬಾವಿಗಳನ್ನು ಕಟ್ಟಿಸಲು ಮೇಲಿನವರು ಒಪ್ಪಬೇಕಲ್ಲ. ಕಾಯಿಲೆ ನೀರಿನಿಂದಲೇ ಬರುತ್ತದೆಂದು ಈ ಸೀಮೆಯಲ್ಲೇ ತೋರಿಸಿಕೊಡಿ, ಆಮೇಲೆ ನೋಡೋಣ ಎಂದು ಕಾಗದ ಬಂದಿತ್ತು.

ನನ್ನ ತಂದೆ ತೋರಿಸಲು ಹೊರಟರು. ೧೯೨೨ರಲ್ಲಿ ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿಗೆ ಮನೆ ಮನೆಗೂ ಸೋಸುವ ಬಟ್ಟೆ ಕೊಟ್ಟರು. ಮರುವರ್ಷ ಹೋಗಿ ಎಣಿಸಿದರೆ ನಾರು ಅರ್ಧಕ್ಕೆ ಇಳಿದಿತ್ತು. ಸಂತೋಷದಲ್ಲಿ ಹೆಜ್ಜೆ ನೆಲದ ಮೇಲೆ ನಿಲ್ಲದೆ ಡಾಕ್ಟರ ಮುಂದೆ ಪಟ್ಟಿ ಇಟ್ಟರು. ಡಾಕ್ಟರು ಪಟ್ಟಿ ನೋಡಲೇ ಇಲ್ಲ.

“ಬಟ್ಟೆ ಕೊಡದ ಪಕ್ಕದ ಹಳ್ಳಿಯಲ್ಲಿ ಎಷ್ಟಿದೆ?” ಎಂದು ಕೇಳಿದರು.

ನನ್ನ ತಂದೆ ಅಲ್ಲಿಗೆ ಹೋಗಿರಲಿಲ್ಲ. ಹೋಗಿ ಎಣಿಸಿದರು. ಅಲ್ಲೂ ಅರ್ಧಕ್ಕೆ ಇಳಿದಿತ್ತು. ಹಿಂದಿನ ವರ್ಷ ಮಳೆ ಚೆನ್ನಾಗಿ ಬಂದು ಬಾವಿಗಳು ತುಂಬಿದ್ದವು, ತುಂಬಿದ ನೀರಿನಲ್ಲಿ ಹುಳ ಕಡಿಮೆ.

“ರೇಣುಕಯ್ಯ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆ. ನೀವು ಪ್ರತ್ಯಕ್ಷ ಕಂಡ ಕೂಡಲೇ ಅದಕ್ಕೆ ಹಾರ ಹಾಕಿಬಿಟ್ಟಿರಿ,” ಎಂದರು ಡಾಕ್ಟರು. “ಎಲ್ಲರಿಗೂ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ. ಕೊಟ್ಟವರ ಪಕ್ಕದಲ್ಲಿ ಕೊಡದವರು ಇರಬೇಕು.”

ಆ ಅವಮಾನ ನನ್ನ ತಂದೆಯನ್ನು ವರ್ಷಗಟ್ಟಲೆ ಕೊರೆಯಿತು. ಬುಕ್ಕಾಪಟ್ಟಣದ ಹಳ್ಳಿಗೆ ಮತ್ತೆ ಹೋಗಿ, ಬಟ್ಟೆ ಕೊಟ್ಟ ಮನೆಗಳಲ್ಲೂ ನಾರು ಯಾಕೆ ಉಳಿಯಿತೆಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡಿದರು. ಆ ಮನೆಯ ಹೆಂಗಸು ಬಹಳ ಶುಚಿ. ಮೊದಲ ಕೊಡ ಸೋಸಿದ ಮೇಲೆ ಬಟ್ಟೆಯ ಮೇಲ್ಭಾಗ ಕೊಳೆಯಾಯಿತೆಂದು, ಅದನ್ನು ತಿರುಗಿಸಿ, ಚೊಕ್ಕಟವಾದ ಮಗ್ಗುಲು ಮೇಲೆ ಮಾಡಿ ಎರಡನೆಯ ಕೊಡ ಸೋಸಿದಳು. ಮೇಲೆ ಸಿಕ್ಕಿದ್ದ ಹುಳವೆಲ್ಲ ನೆಟ್ಟಗೆ ಕುಡಿಯುವ ನೀರಿಗೆ ಬಿತ್ತು. ಕೊಳಕು ಹೆಂಗಸರ ಮನೆಯವರು ಪಾರಾಗಿದ್ದರು, ಶುಚಿಯಾದವರ ಮನೆಯವರು ಕುಂಟುತ್ತಿದ್ದರು. ನನ್ನ ತಂದೆ ನಕ್ಕರೋ ಅತ್ತರೋ ತಿಳಿಯದು. ಮುಂದಿನ ಬಟ್ಟೆಗಳಿಗೆ ಒಂದು ಮಗ್ಗುಲಲ್ಲಿ ಕಪ್ಪು ದಾರದ ಹೊಲಿಗೆ ಹಾಕಿಸಿ, ಕಪ್ಪು ಯಾವಾಗಲೂ ಮೇಲೆ ಇರಬೇಕೆಂದು ಕಟ್ಟುನಿಟ್ಟು ಮಾಡಿದರು.

ಆ ಹೊಲಿಗೆ ಹಾಕಿದವಳು ನಾನು. ೧೯೨೮ರ ಬೇಸಿಗೆಗೆ ಮುಂಚೆ ಡಾಕ್ಟರು ಒಂದು ಪೆಟ್ಟಿಗೆ ತುಂಬ ಬಟ್ಟೆ ಕಳಿಸಿದ್ದರು. ನನಗೆ ಹದಿನಾಲ್ಕು ವರ್ಷ. ಒಂದೊಂದಕ್ಕೂ ಕಪ್ಪು ದಾರ ಹಾಕುತ್ತ ಹೋದೆ. ಅರ್ಧ ಮುಗಿದಾಗ ಅಪ್ಪ ಸಾಕು ಎಂದರು.

“ಇನ್ನೂ ಅರ್ಧ ಪೆಟ್ಟಿಗೆ ಉಳಿದಿದೆಯಲ್ಲಪ್ಪ?”

“ಅದು ಮುಂದಿನ ವರ್ಷಕ್ಕೆ ಮಗಳೇ.”

ಪೆಟ್ಟಿಗೆಯನ್ನು ನಮ್ಮ ನಡುಮನೆಯ ಅಟ್ಟಕ್ಕೆ ಏರಿಸಿದರು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ, ಹದಿನಾಲ್ಕು ವರ್ಷದವಳ ಮೇಲೆ ಈಗ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ.

ಅವರು ಆರಿಸಿಕೊಂಡದ್ದು ಮಿಡಿಗೇಶಿಯಿಂದ ಎರಡು ಮೈಲಿ ದೂರದ ಎರೆಕಟ್ಟೆ ಎಂಬ ಹಳ್ಳಿ. ಎರಡೇ ಬೀದಿ. ಮೇಲುಬೀದಿ, ಕೆಳಬೀದಿ. ಎರಡರಲ್ಲೂ ಒಕ್ಕಲು ಮಕ್ಕಳೇ, ಉಣ್ಣುವುದು ಅದೇ ರಾಗಿ ಮುದ್ದೆ, ಕುಡಿಯುವುದು ಒಂದೇ ಮೆಟ್ಟಿಲು ಬಾವಿಯ ನೀರು. ಹಿಂದಿನ ವರ್ಷ ಒಂದೊಂದು ಬೀದಿಯಲ್ಲೂ ಹತ್ತಿರಹತ್ತಿರ ಇಪ್ಪತ್ತೈದು ಜನಕ್ಕೆ ನಾರು ಬಂದಿತ್ತು. ಇದಕ್ಕಿಂತ ಸರಿಸಮ ಎಲ್ಲಿ ಸಿಗಬೇಕು? ಊರಾಚೆಯ ಕೇರಿಯವರಿಗೆ ಆ ಬಾವಿಯ ಹತ್ತಿರ ಬರಲು ಬಿಡುತ್ತಿರಲಿಲ್ಲ, ಅವರು ಗುಂಡಿ ನೀರು ಕುಡಿಯುತ್ತಿದ್ದರು. ಅವರನ್ನು ಯಾರೂ ಎಣಿಕೆಗೇ ತೆಗೆದುಕೊಳ್ಳಲಿಲ್ಲ. ನನ್ನ ತಂದೆಯೂ ತೆಗೆದುಕೊಳ್ಳಲಿಲ್ಲ. ಇದನ್ನೂ ಬರೆದಿಡಬೇಕು.

ಮೇಲುಬೀದಿಯ ಎಪ್ಪತ್ತೊಂದು ಜನರ ಮನೆಗಳಿಗೆ ಬಟ್ಟೆ ಕೊಟ್ಟರು. ಕೆಳಬೀದಿಯ ಅರವತ್ತನಾಲ್ಕು ಜನಕ್ಕೆ ಕೊಡಲಿಲ್ಲ. “ಒಂದೇ ಒಂದು ವರ್ಷ ರೇಣುಕಯ್ಯ,” ಎಂದಿದ್ದರು ಡಾಕ್ಟರು. “ಇದು ಗಟ್ಟಿಯಾಗಿ ನಿಂತರೆ ನಲವತ್ತು ಬಾವಿ ಕಟ್ಟಿಸುತ್ತೇನೆ.” ಆ ನಲವತ್ತು ಊರಿನ ಕುಂಟುವ ಜನರನ್ನು ನನ್ನ ತಂದೆ ಒಬ್ಬೊಬ್ಬರನ್ನಾಗಿ ಬಲ್ಲವರು. ಅವರ ದೃಷ್ಟಿಯೆಲ್ಲ ಆ ನಲವತ್ತರ ಮೇಲಿತ್ತು.

ವೈಶಾಖದಲ್ಲಿ ಬಾವಿಯ ನೀರು ತಳ ಕಂಡಿತು. ಹುಳ ಹೆಚ್ಚುವ ಕಾಲ ಅದೇ. ಆಗ ನಡೆದ ಒಂದು ಮಾತುಕತೆ ನನಗೆ ಗೊತ್ತಾದದ್ದು ಹದಿನೆಂಟು ವರ್ಷದ ಮೇಲೆ, ಅಪ್ಪನ ಬಾಯಿಂದಲೇ. ಆದರೆ ನಡೆದದ್ದು ಆಗ, ಆದ್ದರಿಂದ ಇಲ್ಲೇ ಹೇಳುತ್ತೇನೆ.

ಕೆಳಬೀದಿಯಲ್ಲಿ ಲಕ್ಕಮ್ಮ ಎಂಬ ವಿಧವೆ ಇದ್ದಳು. ನಲವತ್ತರ ಆಸುಪಾಸಿನವಳು, ಮಗ ದೊಡ್ಡರಂಗಪ್ಪ, ಮಗಳು ನರಸಮ್ಮ. ಹಿಂದಿನ ವರ್ಷ ತನ್ನ ಕಾಲಿನಲ್ಲೇ ಎರಡು ನಾರು ಎದ್ದು ಮೂರು ತಿಂಗಳು ಮನೆಯೊಳಗೆ ತೆವಳಿದವಳು. ಅವಳು ಬಾವಿಯ ಮೆಟ್ಟಿಲ ಮೇಲೆ ಅಪ್ಪನನ್ನು ತಡೆದಳು.

“ಅಯ್ನೋರೇ, ಮೇಲುಬೀದಿಯೋರ್ಗೆ ಕೊಟ್ರಲ್ಲ ಆ ಬಟ್ಟೆ, ನಂಗೂ ಒಂದು ಕೊಡ್ರಿ. ಬರೋ ವರ್ಸ ಮಗಳ ಮದ್ವೆ ಮಾಡ್ಬೇಕು ಅಂತಿವ್ನಿ.”

“ಬಟ್ಟೆ ಮುಗಿದುಹೋಯ್ತು ಕಣಮ್ಮ,” ಎಂದರು ಅಪ್ಪ. ಅದು ಮೊದಲ ಸುಳ್ಳು. ಬಟ್ಟೆ ನಮ್ಮ ಅಟ್ಟದ ಮೇಲಿತ್ತು.

ಲಕ್ಕಮ್ಮ ನಕ್ಕಳಂತೆ. “ಮುಗುದ್ರೆ ಮುಗೀಲಿ ಬುಡಿ. ನನ್ ಹಳೇ ಸೀರೆ ಐತೆ. ಮೂರು ದಿನದಿಂದ ಅದ್ನೇ ಮಡಿಸ್ಕೊಂಡು ಸೋಸ್ತಾ ಇವ್ನಿ. ನೀವು ಅಷ್ಟೊಂದು ಒದ್ದಾಡ್ತಿರೋದ್ರಾಗೆ ಏನೋ ಇರ್ಬೇಕು ಅಂತ. ಮೂರು ಮಡಿಕೆ ಸಾಕಾ, ನಾಕು ಬೇಕಾ? ಅಷ್ಟು ಹೇಳಿ ಸಾಕು.”

ಇಡೀ ಊರಿನಲ್ಲಿ ತಲೆ ಓಡಿಸಿದವಳು ಅವಳೊಬ್ಬಳೇ. ನನ್ನ ತಂದೆ ಹದಿನೈದು ವರ್ಷ ಕಷ್ಟಪಟ್ಟು ಕಂಡುಕೊಂಡದ್ದನ್ನು ಮೂರು ದಿನದಲ್ಲಿ ತಾನಾಗಿ ಹಿಡಿದಿದ್ದಳು. ಅವಳು ಸೋಸಿದರೆ ಪಕ್ಕದ ಮನೆಯವಳು ನೋಡುತ್ತಾಳೆ, ಅವಳನ್ನು ನೋಡಿ ಇನ್ನೊಬ್ಬಳು. ಹದಿನೈದು ದಿನದಲ್ಲಿ ಕೆಳಬೀದಿಯೆಲ್ಲ ಸೋಸುತ್ತದೆ. ಆಮೇಲೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ, ಬುಕ್ಕಾಪಟ್ಟಣದ ಕಥೆಯೇ ಮತ್ತೆ. ಇಷ್ಟೂ ಒಂದು ಕ್ಷಣದಲ್ಲಿ ಅವರ ತಲೆಯಲ್ಲಿ ಹಾದುಹೋಯಿತು.

“ಹಳೇ ಸೀರೆಯಿಂದ ಏನೂ ಆಗೋದಿಲ್ಲ ಕಣಮ್ಮ,” ಎಂದರು. “ಸೋಸಿದರೂ ಒಂದೇ, ಸೋಸದಿದ್ದರೂ ಒಂದೇ. ಸುಮ್ಮನೆ ಯಾಕೆ ಹೊತ್ತು ಹಾಳು ಮಾಡ್ಕೊಳ್ತೀಯ?”

“ಅಂಗಾ?” ಎಂದಳು ಲಕ್ಕಮ್ಮ. “ಓದ್ಕೊಂಡೋರು ನೀವು, ನಿಮ್ಗಿಂತ ನಂಗೆ ಗೊತ್ತಾ.” ಅವತ್ತಿನಿಂದ ಸೋಸುವುದನ್ನು ಬಿಟ್ಟಳು.

ಮರುವರ್ಷ, ೧೯೨೯ರ ಚೈತ್ರದಿಂದ ಅಪ್ಪ ಎರೆಕಟ್ಟೆಯಲ್ಲೇ ಬಿಡಾರ ಮಾಡಿ ಎಣಿಸಲು ಕೂತರು. ಮೇಲುಬೀದಿಯ ಎಪ್ಪತ್ತೊಂದು ಜನರಲ್ಲಿ ನಾಲ್ವರಿಗೆ ನಾರು. ಕೆಳಬೀದಿಯ ಅರವತ್ತನಾಲ್ಕರಲ್ಲಿ ಇಪ್ಪತ್ತೇಳು. ಯಾವ ಅಧಿಕಾರಿಯೂ ಬಾಯಿ ಎತ್ತಲಾಗದ ಪಟ್ಟಿ. ಇಪ್ಪತ್ತೇಳರಲ್ಲಿ ಒಂದು ಗೆರೆ ಲಕ್ಕಮ್ಮನ ಮಗಳು ನರಸಮ್ಮನದು.

ಹದಿನಾರು ವರ್ಷದ ಹುಡುಗಿ. ಹಿಮ್ಮಡಿಯ ಮೇಲೆ ನಾರು ಎದ್ದಾಗ ಅವಳ ಮದುವೆಗೆ ಹದಿನೆಂಟು ದಿನ ಉಳಿದಿತ್ತು. ಗಂಡಿನ ಕಡೆಯವರು ಬಂದು ಹೋಗುತ್ತಿದ್ದರು. ಹುಡುಗಿ ಕುಂಟುವುದನ್ನು ನೋಡಿದರೆ ಮಾತು ಮುರಿದೀತೆಂದು ಲಕ್ಕಮ್ಮನಿಗೆ ಭಯ. ಕಡ್ಡಿಗೆ ಸುತ್ತುವ ಕೆಲಸ ಅವಳೇ ಮಾಡುತ್ತಿದ್ದಳು. ಒಂದು ದಿನ ಬೆಳಿಗ್ಗೆ ಒಂದು ಸುತ್ತು ಹಾಕಿದವಳು, ಸಂಜೆ ಇನ್ನೊಂದು ಸುತ್ತು ಹಾಕಿದಳು. ಹುಳ ಹರಿಯಿತು. ನಾಲ್ಕು ದಿನಕ್ಕೆ ಕಾಲು ತೊಡೆಯವರೆಗೆ ಊದಿತು. ಎಂಟನೆಯ ದಿನ ಹುಡುಗಿಯ ದವಡೆ ಕಚ್ಚಿಕೊಂಡಿತು. ಅಪ್ಪ ಸೈಕಲ್ಲಿನಲ್ಲಿ ಮಧುಗಿರಿಗೆ ಹೋಗಿ ಔಷಧಿ ತಂದರು. ಔಷಧಿ ಬಂದಾಗ ನರಸಮ್ಮನ ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಹನ್ನೊಂದನೆಯ ದಿನ ಮಧ್ಯಾಹ್ನ ತೀರಿಕೊಂಡಳು.

ಲಕ್ಕಮ್ಮ ಹೊಸಿಲ ಕಲ್ಲಿಗೆ ತನ್ನ ಬಲಗೈಯನ್ನು ಜಜ್ಜಿಕೊಂಡಳು. “ಈ ಕೈ ಕಣ್ರವ್ವಾ, ಈ ಕೈಯೇ ನನ್ ಮಗೀನ ತಿಂದ್ಬುಡ್ತು!” ಹೆಂಗಸರು ಅವಳನ್ನು ಹಿಡಿದುಕೊಂಡರು, ಹಿಡಿದುಕೊಂಡೇ ತಮ್ಮತಮ್ಮಲ್ಲಿ, “ಎಲ್ಡು ಸುತ್ತು ಹಾಕ್ಬುಟ್ಳಂತೆ. ಆತ್ರಗೆಟ್ಟೋಳು,” ಎಂದು ಮಾತಾಡಿಕೊಂಡರು. ನನ್ನ ತಂದೆ ನಾಲ್ಕು ಮಾರು ದೂರದಲ್ಲಿ, ಬೇವಿನ ಮರದ ಕೆಳಗೆ ನಿಂತಿದ್ದರು. ಆ ಮಾತು ಅವರ ಕಿವಿಗೆ ಬಿತ್ತು. ಅವರು ಬಾಯಿ ತೆರೆಯಲಿಲ್ಲ.

ಆ ವರ್ಷದ ಮಳೆಗಾಲಕ್ಕೆ ಮುಂಚೆಯೇ ಕೆಳಬೀದಿಗೆ ಬಟ್ಟೆ ಹೋಯಿತು. ಮೂರು ವರ್ಷದಲ್ಲಿ ಎರೆಕಟ್ಟೆಯ ಬಾವಿಗೆ ಎದೆಯೆತ್ತರದ ಕಟ್ಟೆ, ರಾಟೆ. ಆಮೇಲೆ ಒಂದೊಂದಾಗಿ ನಲವತ್ತು ಬಾವಿ, ಐವತ್ತು, ಎಪ್ಪತ್ತು. ಡಾಕ್ಟರು ಮಾತಿಗೆ ತಪ್ಪಲಿಲ್ಲ. ಊರೂರುಗಳಲ್ಲಿ ಕುಂಟುವವರು ಕಡಿಮೆಯಾದರು. ಇದು ಸಣ್ಣ ಕೆಲಸವಲ್ಲ. ನಾನು ಎಷ್ಟೇ ಸಿಟ್ಟಿನವಳಾದರೂ ಇದನ್ನು ಸಣ್ಣದು ಅನ್ನಲಾರೆ.

ಅಪ್ಪನ ಕೈ ಪಳಗುತ್ತ ಹೋಯಿತು. ಬಾವಿಯ ಮೆಟ್ಟಿಲು ಸವೆದಿರುವುದನ್ನು ನೋಡಿಯೇ ಆ ಊರಿನಲ್ಲಿ ನಾರು ಎಷ್ಟಿದ್ದೀತೆಂದು ಅಂದಾಜು ಹೇಳುತ್ತಿದ್ದರು. ಎಣಿಸುವಾಗ ತಮ್ಮ ಕಣ್ಣನ್ನೂ ನಂಬದೆ, ಯಾಕೆ ಎಣಿಸುತ್ತಿದ್ದಾರೆಂದು ತಿಳಿಯದ ಇನ್ನೊಬ್ಬನಿಂದ ಮತ್ತೊಮ್ಮೆ ಎಣಿಕೆ ಮಾಡಿಸಿ ತಾಳೆ ನೋಡುತ್ತಿದ್ದರು. ಒಂದು ಮಾತ್ರ ಮಾಡಲಿಲ್ಲ. ಎರೆಕಟ್ಟೆಯ ನಂತರ ಯಾವ ಬೀದಿಗೂ ಬಟ್ಟೆ ಕೊಡದೆ ತಡೆದಿಟ್ಟು ಹೋಲಿಸಲಿಲ್ಲ. ಮೊದಲಿಂದಲೇ ಸೇದುವ ಬಾವಿ ಇದ್ದ ಊರು ಹುಡುಕುವುದು, ಅದರ ಪಕ್ಕದಲ್ಲಿ ಮೆಟ್ಟಿಲು ಬಾವಿಯ ಊರು ಹುಡುಕುವುದು, ಎರಡನ್ನೂ ಎಣಿಸಿ, ಎಣಿಕೆ ಮುಗಿದ ದಿನವೇ ಎರಡನೆಯದಕ್ಕೆ ಬಟ್ಟೆ ಹಂಚುವುದು. ಒಂದು ದಿನದ ಕೆಲಸಕ್ಕೆ ಹತ್ತು ದಿನ ಅಲೆಯಬೇಕು. ಡಾಕ್ಟರು, “ಇದು ಎರೆಕಟ್ಟೆಯಷ್ಟು ಗಟ್ಟಿಯಲ್ಲ ರೇಣುಕಯ್ಯ,” ಎಂದಾಗ, “ಇಷ್ಟೇ ಸಾಕು ಸ್ವಾಮಿ,” ಎಂದರಂತೆ.

ಮನೆಯಲ್ಲಿ ಅವರು ನಗುವುದು ಕಡಿಮೆಯಾಯಿತು. ನಮ್ಮ ತಾಯಿ ಅಲೆದಾಟದ ಆಯಾಸ ಅಂದುಕೊಂಡರು. ನಾನು ಓದಿ ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ ಆದೆ. ನನ್ನ ಮದುವೆಯ ದಿನ ಅವರು ಹಿತ್ತಿಲಲ್ಲಿ ಒಬ್ಬರೇ ಕೂತು ಅತ್ತದ್ದನ್ನು ಎಲ್ಲರೂ ಮಗಳ ಮೇಲಿನ ಪ್ರೀತಿ ಎಂದರು. ನಾನೂ ಹಾಗೇ ಹೆಮ್ಮೆಪಟ್ಟುಕೊಂಡೆ.

೧೯೪೬ರಲ್ಲಿ ಅವರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಇಲಾಖೆಗೆ ಹೊಸದಾಗಿ ಸೇರಿದವರಿಗೆ ಪಾಠ ಹೇಳಲು ಕರೆ ಬಂತು. ಎರೆಕಟ್ಟೆಯ ಪಟ್ಟಿಯನ್ನು ದೊಡ್ಡ ಕಪ್ಪು ಹಲಗೆಯ ಮೇಲೆ ಬರೆದಿದ್ದರಂತೆ. ಒಬ್ಬ ಚುರುಕಾದ ಹುಡುಗ ಎದ್ದು ನಿಂತು ಕೇಳಿದ:

“ಸಾರ್, ಮೇಲುಬೀದಿಯವರು ಸೋಸುವುದನ್ನು ಕೆಳಬೀದಿಯವರು ದಿನಾ ನೋಡುತ್ತಿದ್ದರಲ್ಲ. ಅವರು ತಾವೇ ಸೋಸದ ಹಾಗೆ ಹೇಗೆ ತಡೆದಿರಿ?”

ಬಹಳ ಒಳ್ಳೆಯ ಪ್ರಶ್ನೆ. ಇಷ್ಟು ವರ್ಷ ಆ ಪಟ್ಟಿಯನ್ನು ನೋಡಿದ ಯಾವ ದೊಡ್ಡವರಿಗೂ ಹೊಳೆದಿರಲಿಲ್ಲ. ಅಪ್ಪ ಸೀಮೆಸುಣ್ಣ ಕೆಳಗಿಟ್ಟು, ಮೈ ಸರಿಯಿಲ್ಲ ಎಂದು ಹೇಳಿ ಹೊರಟುಬಂದರು.

ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಅಟ್ಟದ ಮೇಲಿನ ಪೆಟ್ಟಿಗೆ, ಬಾವಿಯ ಮೆಟ್ಟಿಲು, ನರಸಮ್ಮ. ಕೇಳುತ್ತ ಕೇಳುತ್ತ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರ ಮೇಲೆ ಕನಿಕರ ಹುಟ್ಟಲಿಲ್ಲ.

“ಸುಳ್ಳು ಹೇಳಿದಿರಿ, ಅದು ಒಂದು ಗಳಿಗೆಯ ಬುದ್ಧಿ,” ಎಂದೆ. “ಆಮೇಲೆ ಹದಿನೇಳು ವರ್ಷ ಏನು ಮಾಡುತ್ತಿದ್ದಿರಿ?”

“ಹೇಳಿದರೆ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತೆ, ಬಾವಿಗಳ ಕೆಲಸ ನಿಂತುಹೋಗುತ್ತೆ ಅಂತ ಮೊದಲು ಅಂದುಕೊಂಡೆ. ಬಾವಿಗಳಾದ ಮೇಲೆ ಧೈರ್ಯ ಬರಲಿಲ್ಲ ಮಗಳೇ.”

ಎರೆಕಟ್ಟೆಗೆ ಹೋಗೋಣ, ನೀನೂ ಬಾ ಎಂದರು. ಒಬ್ಬರೇ ಹೋಗಲು ಕಾಲು ಬರುತ್ತಿಲ್ಲವೆಂದರು. ಭಾನುವಾರ ಇದ್ದಿಲ ಅನಿಲದಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮಿಡಿಗೇಶಿಗೆ ಹೋಗಿ, ಅಲ್ಲಿಂದ ನಡೆದೆವು.

ಊರಿಗೆ ಕಾಲಿಟ್ಟ ಕೂಡಲೇ ಜನ ಸೇರಿದರು. ಅಯ್ಯನೋರು ಬಂದ್ರು ಅಂತ ಒಬ್ಬ ಎಳನೀರಿಗೆ ಓಡಿದ, ಇನ್ನೊಬ್ಬ ಮಕ್ಕಳನ್ನು ತಂದು ಕಾಲಿಗೆ ಬೀಳಿಸಿದ. “ಇವುಕ್ಕೆ ನಾರು ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ಬುದ್ಧಿ, ಎಲ್ಲಾ ನಿಮ್ ಪುಣ್ಯ.” ಅಪ್ಪ ತಲೆ ಎತ್ತಲಿಲ್ಲ. ಲಕ್ಕಮ್ಮನನ್ನು ನೋಡಬೇಕು, ಅವಳ ಜೊತೆ ಒಂದೆರಡು ಮಾತಾಡಬೇಕು, ನೀವೆಲ್ಲ ಆಮೇಲೆ ಬನ್ನಿ ಎಂದು ಅವರನ್ನು ಕಳಿಸಿದರು.

ಲಕ್ಕಮ್ಮ ಮನೆಯ ಜಗುಲಿಯ ಮೇಲೆ ಕೂತು ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ತಲೆಯೆಲ್ಲ ನೆರೆತು ಹಣ್ಣಾಗಿತ್ತು. ನಮ್ಮನ್ನು ಕಂಡು ಎದ್ದು ಕಂಬಳಿ ಹಾಸಿದಳು. ಅಪ್ಪ ಕೂರಲಿಲ್ಲ.

ನಿಂತೇ ಹೇಳಿದರು. ಮಾತು ಅಲಂಕಾರ ಮಾಡಲಿಲ್ಲ, ನಲವತ್ತು ಬಾವಿಯ ವಿಷಯ ಎತ್ತಲಿಲ್ಲ. ಆ ಬೇಸಿಗೆಯಲ್ಲಿ ಬಟ್ಟೆ ಮುಗಿದಿರಲಿಲ್ಲ, ತಮ್ಮ ಮನೆಯಲ್ಲೇ ಇತ್ತು. ಹಳೆಯ ಸೀರೆಯಲ್ಲಿ ಸೋಸಿದ್ದರೂ ಸಾಕಾಗಿತ್ತು. ಅವಳು ಮಾಡುತ್ತಿದ್ದದ್ದು ಸರಿಯಾಗಿತ್ತು, ಅದು ಗೊತ್ತಿದ್ದೇ ತಾವು ಬೇಡವೆಂದದ್ದು. ಸೋಸಿದ್ದರೆ ನರಸಮ್ಮನಿಗೆ ಬಹುಶಃ ನಾರು ಬರುತ್ತಲೇ ಇರಲಿಲ್ಲ.

ಲಕ್ಕಮ್ಮನ ಕೈ ಮೊರದ ಮೇಲೆ ನಿಂತುಬಿಟ್ಟಿತು. “ನೀವು ಬ್ಯಾಡ ಅಂದಿದ್ದು ನಂಗೆ ಗೆಪ್ತಿ ಐತೆ,” ಎಂದಳು. “ಗೊತ್ತಿಲ್ದೆ ಅಂದಿರ್ಬೇಕು ಅಂದ್ಕಂಡಿದ್ದೆ. ಗೊತ್ತಿದ್ದೇ ಅಂದ್ರಾ?”

“ಗೊತ್ತಿದ್ದೇ ಅಂದೆ.”

“ಅವ್ಳು ಸತ್ ದಿನ ನೀವು ಇಲ್ಲೇ ಇದ್ರಿ. ಆ ಮರ್ದ ಕೆಳಗೆ. ನಾನು ಕೈ ಜಜ್ಕೊಂತಿದ್ದಾಗ ನೋಡ್ತಿದ್ರಿ.”

“ನೋಡ್ತಿದ್ದೆ.”

“ಎಲ್ಡು ಸುತ್ತು ಹಾಕಿ ಮಗೀನ ಕೊಂದ್ಳು ಅಂತ ಜನ ಅಂದಿದ್ದು?”

“ಅದೂ ಕೇಳಿಸ್ತು.”

ಅವಳು ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ನನ್ನ ತಂದೆಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತನ್ನ ಬಲಗೈಯನ್ನು ಮುಂದೆ ಹಿಡಿದು, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿಕೊಂಡಳು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಆಮೇಲೆ ಕಣ್ಣಿಂದ ನೀರು ಇಳಿಯಿತು, ದನಿ ಮಾತ್ರ ಏರಲಿಲ್ಲ.

“ನಮ್ ರಂಗಪ್ಪಂಗೆ ಐದು ಮಕ್ಳು ಕಣಯ್ಯಾ. ಒಂದ್ಕೂ ನಾನು ಎಣ್ಣೆ ತಿಕ್ಕಿಲ್ಲ, ನೀರು ಹುಯ್ದಿಲ್ಲ, ಒಂದು ತುತ್ತು ಉಣ್ಸಿಲ್ಲ. ಇದು ಮಗೀನ ತಿಂದ ಕೈ, ಮುಟ್ಬಾರ್ದು ಅಂತ ದೂರ್ವೇ ಇದ್ದೆ. ಸೊಸೆ ಕಲ್ಲೆದೆ ಮುದುಕಿ ಅಂತ ಬಯ್ಯೋಳು, ಬಯ್ಲಿ ಅಂತ ಸುಮ್ಕಿದ್ದೆ. ಒಂದು ಮಾತು ಆವತ್ತೇ ಹೇಳಿದ್ರೆ ಆಯ್ತಿರ್ಲಿಲ್ವಾ? ಈಗ ಕೊನೇದೂ ದೊಡ್ಡದಾಗ್ಬುಡ್ತು. ಇನ್ನು ಯಾರ್ಗೆ ಹುಯ್ಲಿ ನೀರು?”

ಕೊನೆಯ ಮೊಮ್ಮಗಳಿಗೆ ಆಗ ಎಂಟು ವರ್ಷ. ಅಜ್ಜಿ ಅಳುವುದು ಕೇಳಿಸಿ ಒಳಗಿನಿಂದ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು. ಲಕ್ಕಮ್ಮ ಅವಳ ಕಡೆಗೆ ಕೈ ಚಾಚಿದಳು. ಹುಡುಗಿ ಹತ್ತಿರ ಬರಲಿಲ್ಲ. ಅವಳಿಗೆ ಅದು ಅಭ್ಯಾಸವಿರಲಿಲ್ಲ.